ಕ್ರಾಕೋವ್‌ನಲ್ಲಿ ಸಂಜೆ ಎಲ್ಲಿ ಕೂರೋದು?

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ನವೆಂಬರ್‌ನಿಂದ ನಾಲ್ಕು ತಿಂಗಳು ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಇರಬೇಕಾಗಿದೆ. ನಾನು ಬೆಂಗಳೂರಿನವನು, ಸಸ್ಯಾಹಾರಿ. ವಾರಕ್ಕೆ ಒಂದು ಬಿಯರ್ ಕುಡಿದರೆ ಅದೇ ಜಾಸ್ತಿ. ಅಲ್ಲಿನ ಟೀಮಿನವರು ಈಗಲೇ 'ಬಂದ ವಾರವೇ ಪಬ್‌ಗೆ ಹೋಗೋಣ' ಅಂತಿದ್ದಾರೆ. ಅಲ್ಲಿನ ಬಾರು, ಪಬ್ಬುಗಳು ಹೇಗಿರುತ್ತವೆ? ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು? ರಾತ್ರಿ ಓಡಾಡೋದು ಸೇಫಾ? ವೋಡ್ಕಾ ಬೇಡ ಅಂದರೆ ಬೇಜಾರು ಮಾಡ್ಕೊಳ್ತಾರಾ?

ಉತ್ತರ: ನಾನು ಆ ಊರಿನಲ್ಲಿ ಆರು ವರ್ಷ ಇದ್ದೆ. ಮೊದಲ ಎರಡು ವರ್ಷ ಓದಿನ ಜೊತೆಗೆ ಒಂದು ಪಬ್‌ನಲ್ಲಿ ವಾರಾಂತ್ಯದ ಕೆಲಸ ಮಾಡುತ್ತಿದ್ದೆ. ಶುರುವಿನಲ್ಲಿ ಬಂದವರ ಕೋಟು ತೆಗೆದಿಡುವ ಕೆಲಸ, ಆಮೇಲೆ ಕೌಂಟರ್ ಹಿಂದೆ. ಹಾಗಾಗಿ ನೀವು ಕೇಳಿರುವುದಕ್ಕೆ ಎರಡೂ ಕಡೆಯಿಂದ ಉತ್ತರ ಕೊಡಬಲ್ಲೆ. ನಾವು ಕ್ರಾಕೋವ್ ಅಂತ ಬರೆದರೂ ಅಲ್ಲಿಯವರ ಬಾಯಲ್ಲಿ ಅದು ಕ್ರಾಕುಫ್. ಟ್ಯಾಕ್ಸಿಯವರ ಹತ್ತಿರ ಹಾಗೇ ಹೇಳಿ.

ನವೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಊರಿನ ನಡುವೆ ರಿನೆಕ್ ಅನ್ನುವ ದೊಡ್ಡ ಚೌಕ ಇದೆ. 1257ರಲ್ಲಿ ಗುರುತು ಹಾಕಿದ್ದು, ಹೆಚ್ಚುಕಡಿಮೆ 200 ಮೀಟರ್ ಉದ್ದ, ಅಷ್ಟೇ ಅಗಲ. ಮೊದಲ ದಿನ ಏಳು ಗಂಟೆಗೆ ಅಲ್ಲಿ ನಿಂತು ನೋಡಿದಾಗ ನನಗೆ ನಿರಾಸೆಯಾಗಿತ್ತು. ನಮ್ಮ ಚರ್ಚ್ ಸ್ಟ್ರೀಟ್ ಥರ ಗದ್ದಲ ಇರುತ್ತೆ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಪಾರಿವಾಳಗಳು, ಕುದುರೆ ಗಾಡಿ, ತಲೆ ಬಗ್ಗಿಸಿಕೊಂಡು ಬೇಗ ಬೇಗ ನಡೆಯುವ ಜನ. ಇವರೆಲ್ಲ ಎಲ್ಲಿಗೆ ಹೋಗ್ತಿದ್ದಾರೆ ಅಂತ ಒಬ್ಬ ಹುಡುಗನ ಹಿಂದೆ ಕಣ್ಣು ಹಾಯಿಸಿದೆ. ಅವನು ಒಂದು ಹಳೇ ಮನೆಯ ಕಮಾನು ಬಾಗಿಲೊಳಗೆ ಹೋದ. ಅಲ್ಲಿಂದ ಒಂದು ಸಣ್ಣ ಬಾಗಿಲು. ಬಾಗಿಲು ತೆಗೆದಾಗ ಒಂದು ಕ್ಷಣ ಹಾಡು, ನಗು, ಬೆಚ್ಚಗಿನ ಗಾಳಿ ಹೊರಗೆ ಬಂತು. ಬಾಗಿಲು ಮುಚ್ಚಿತು, ಮತ್ತೆ ನಿಶ್ಶಬ್ದ.

ಆ ಊರಿನ ಬಾರುಗಳ ಗುಟ್ಟು ಇದೇ. ಮುಕ್ಕಾಲು ಪಾಲು ಮಜಾ ನೆಲಮಾಳಿಗೆಯಲ್ಲಿದೆ.

ಯಾಕೆ ಹಾಗೆ ಅನ್ನೋದು ಗೊತ್ತಾದರೆ ಕೂರಲು ಇನ್ನೂ ಚೆನ್ನಾಗಿರುತ್ತದೆ. ರಿನೆಕ್ ಸುತ್ತಲಿನ ಎಷ್ಟೋ ಮನೆಗಳ ಇವತ್ತಿನ ನೆಲಮಾಳಿಗೆ ಆರೇಳು ನೂರು ವರ್ಷದ ಹಿಂದೆ ನೆಲಮಾಳಿಗೆಯೇ ಆಗಿರಲಿಲ್ಲ. ಅದು ಬೀದಿ ಮಟ್ಟದ ಅಂಗಡಿ, ಪಡಸಾಲೆ. ಕೆಸರು, ಕಸ, ಸುಟ್ಟ ಮನೆಗಳ ಇಟ್ಟಿಗೆ ಚೂರು, ಅದರ ಮೇಲೆ ಹೊಸ ಕಲ್ಲುಹಾಸು, ಮತ್ತೆ ಕಸ, ಮತ್ತೆ ಕಲ್ಲುಹಾಸು. ಹೀಗೆ ಬೀದಿ ಮೀಟರ್‌ಗಟ್ಟಲೆ ಮೇಲೆದ್ದಿತು, ಮನೆ ಅಲ್ಲೇ ಉಳಿಯಿತು. ಚೌಕದ ಅಡಿಯಲ್ಲೇ 2010ರಲ್ಲಿ ಒಂದು ಮ್ಯೂಸಿಯಂ ತೆರೆದಿದ್ದಾರೆ. ಅಲ್ಲಿ ಇಳಿದು ನೋಡಿದರೆ ಹಳೇ ಬೀದಿಯೇ ಕಾಣುತ್ತದೆ. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಇಂಥ ಮಾಳಿಗೆಗಳಲ್ಲಿ ಕಲ್ಲಿದ್ದಲು, ಆಲೂಗಡ್ಡೆ ತುಂಬಿಡುತ್ತಿದ್ದರು. 1989ರಲ್ಲಿ ಆ ಆಡಳಿತ ಹೋಯಿತು. ತೊಂಬತ್ತರ ದಶಕದಲ್ಲಿ ಒಬ್ಬೊಬ್ಬರಾಗಿ ಕಲ್ಲಿದ್ದಲು ಹೊರಗೆ ಹಾಕಿ ಬಿಯರ್ ಪೀಪಾಯಿ ಒಳಗೆ ತಂದರು. ದಪ್ಪ ಗೋಡೆ, ಇಟ್ಟಿಗೆಯ ಕಮಾನು ಚಾವಣಿ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ. ಮೇಲಿನ ಮನೆಯಲ್ಲಿ ಮಲಗಿದ ಅಜ್ಜಿಗೆ ಕೆಳಗಿನ ಡ್ರಮ್ಮಿನ ಸದ್ದು ಅಷ್ಟಾಗಿ ಕೇಳಿಸೋದೂ ಇಲ್ಲ.

ಭಾಷೆಯೇ ಇದನ್ನು ಹೇಳುತ್ತೆ ನೋಡಿ. ಬಿಯರ್‌ಗೆ ಪೋಲಿಷ್‌ನಲ್ಲಿ ಪಿವೊ. ನೆಲಮಾಳಿಗೆಗೆ ಪಿವ್ನಿತ್ಸಾ. ಎರಡನೆಯದು ಹುಟ್ಟಿದ್ದೇ ಮೊದಲನೆಯದರಿಂದ.

ಈ ಮಾಳಿಗೆಗಳಲ್ಲಿ ಹೆಸರು ಮಾಡಿದ್ದು ಪಿವ್ನಿತ್ಸಾ ಪೊದ್ ಬರಾನಾಮಿ. ಟಗರುಗಳ ಕೆಳಗಿನ ಮಾಳಿಗೆ ಅಂತ ಅರ್ಥ, ಮೇಲಿರುವ ಅರಮನೆಗೆ ಟಗರಿನ ಹೆಸರು. 1956ರಲ್ಲಿ ಪ್ಯೋತ್ರ್ ಸ್ಕ್ಷಿನೆತ್ಸ್ಕಿ ಮತ್ತು ಗೆಳೆಯರು ಅಲ್ಲಿ ಹಾಡು, ಕವಿತೆ, ಅಣಕದ ಕಾರ್ಯಕ್ರಮ ಶುರು ಮಾಡಿದರು. ಎವಾ ದೆಮಾರ್ಚಿಕ್ ಹಾಡಿ ಹೆಸರಾದ ಜಾಗ ಅದು. ಸರ್ಕಾರದ ಬಗ್ಗೆ ಮೇಲೆ ಮಾತಾಡುವಂತಿರಲಿಲ್ಲ, ಹಾಗಾಗಿ ಕೆಳಗಿಳಿದು ನಕ್ಕರು. ಅದಕ್ಕೂ ಐವತ್ತು ವರ್ಷ ಮೊದಲು, 1905ರಲ್ಲಿ, ಫ್ಲೋರಿಯಾನ್ಸ್ಕಾ ಬೀದಿಯ ಯಾಮಾ ಮಿಖಾಲಿಕಾ ಅನ್ನುವ ಕಾಫಿ ಅಂಗಡಿಯಲ್ಲಿ ಚಿತ್ರಕಾರರು, ಬರಹಗಾರರು ಸೇರಿ 'ಹಸಿರು ಬಲೂನು' ಅಂತ ಇಂಥದ್ದೇ ಒಂದು ಕೂಟ ಕಟ್ಟಿದ್ದರು. ಆ ಅಂಗಡಿಯ ಗೋಡೆ ತುಂಬ ಅವರ ಚಿತ್ರಗಳು. ಇವತ್ತಿನ ಜಾಝ್ ಬಾರುಗಳಿಗೆ ಈ ಬೇರಿದೆ. ರಿನೆಕ್ ಪಕ್ಕದ ಹ್ಯಾರಿಸ್ ಬಾರ್‌ನಲ್ಲಿ ಒಂದು ಸಂಜೆ ಕೂತು ಬನ್ನಿ. ಒಂದು ಬಿಯರ್ ಇಟ್ಟುಕೊಂಡು ಎರಡು ಗಂಟೆ ಸಂಗೀತ ಕೇಳಿದರೂ ಯಾರೂ ಮುಖ ಸಿಂಡರಿಸೋದಿಲ್ಲ. ನಿಮ್ಮಂಥವರಿಗೆ ಹೇಳಿ ಮಾಡಿಸಿದ ಜಾಗ.

ಇಳಿಯುವಾಗ ಎರಡು ವಿಷಯ. ಮೆಟ್ಟಿಲು ಕಡಿದಾಗಿರುತ್ತವೆ, ನಡುವೆ ಸವೆದಿರುತ್ತವೆ. ಇಳಿಯೋದು ಸುಲಭ, ಎರಡು ಬಿಯರ್ ಆದಮೇಲೆ ಹತ್ತೋದು ಬೇರೆ ಕಥೆ. ಎರಡನೆಯದು, ಫೋನ್ ಸಿಗ್ನಲ್ ಸತ್ತೇಹೋಗುತ್ತೆ. ಮನೆಯವರಿಗೆ ಮೊದಲೇ ಮೆಸೇಜ್ ಹಾಕಿಬಿಡಿ. ಬೆಂಗಳೂರಿನಲ್ಲಿ ಆಗ ನಡುರಾತ್ರಿ ಆಗಿರುತ್ತೆ, ಸುಮ್ನೆ ಗಾಬರಿ.

ಬಾಗಿಲ ಹತ್ತಿರ ಶಾತ್ನ್ಯಾ ಅಂತ ಬರೆದಿರುವ ಕಿಟಕಿ ಕಂಡರೆ ಅದು ಕೋಟು ಇಡುವ ಜಾಗ. ಚಳಿಗಾಲದಲ್ಲಿ ಎಷ್ಟೋ ಕಡೆ ಕೋಟು ಕೊಟ್ಟೇ ಒಳಗೆ ಹೋಗಬೇಕು, ಅದಕ್ಕೆ ಕೆಲವು ಜ್ಲೋಟಿ ಚಿಲ್ಲರೆ ಕೊಡಬೇಕು. ಒಂದು ಜ್ಲೋಟಿ ಅಂದರೆ ನಮ್ಮ ಇಪ್ಪತ್ತು ಇಪ್ಪತ್ತೈದು ರೂಪಾಯಿ ಲೆಕ್ಕ ಇಟ್ಟುಕೊಳ್ಳಿ. ಒಂದು ನಂಬರ್ ಬಿಲ್ಲೆ ಕೊಡುತ್ತಾರೆ. ದಯವಿಟ್ಟು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಿ, ಕೋಟಿನ ಜೇಬಿಗಲ್ಲ. ನಗಬೇಡಿ. ಬಿಲ್ಲೆಯನ್ನು ಕೋಟಿನಲ್ಲೇ ಬಿಟ್ಟು ಕೋಟು ನನ್ನ ಕೈಗೆ ಕೊಟ್ಟವರನ್ನು ನಾನು ಪ್ರತಿ ಶನಿವಾರ ನೋಡಿದ್ದೇನೆ. ರಾತ್ರಿ ಮೂರು ಗಂಟೆಗೆ ನಲವತ್ತು ಕಪ್ಪು ಕೋಟುಗಳ ನಡುವೆ 'ನನ್ನದೂ ಕಪ್ಪು ಕೋಟೇ' ಅನ್ನುವವನಿಗೆ ಏನು ಹೇಳೋದು?

ಮೂರು ಗಂಟೆ ಅಂದೆನಲ್ಲ. ಅಲ್ಲಿ ಬಾಗಿಲು ಹಾಕುವ ಹೊತ್ತನ್ನು ಬಾರಿನವರೇ ತೀರ್ಮಾನಿಸುತ್ತಾರೆ. ಎಷ್ಟೋ ಬಾಗಿಲ ಮೇಲೆ 'ಕೊನೆಯ ಗಿರಾಕಿ ಇರುವವರೆಗೆ' ಅಂತಲೇ ಬರೆದಿರುತ್ತದೆ. ಬೆಂಗಳೂರಿನಲ್ಲಿ ಒಂದು ಗಂಟೆಗೆ ಮುಚ್ಚಬೇಕು, ಅದಕ್ಕೂ ಮೊದಲೇ 'ಸಾರ್ ಲಾಸ್ಟ್ ಆರ್ಡರ್' ಅಂತ ಬಂದು ನಿಲ್ಲುತ್ತಾರೆ, ಲೈಟ್ ಹಾಕಿಬಿಡುತ್ತಾರೆ ಅಲ್ವಾ? ಅಲ್ಲಿ ಆ ಅವಸರ ಇಲ್ಲ. ಅವಸರ ಇಲ್ಲದ ಕಾರಣ ಜನ ಕುಡಿಯುವ ರೀತಿಯೂ ಬೇರೆ. ಎಂಟಕ್ಕೆ ಕೂತವರು ಹತ್ತಕ್ಕೆ ಜಾಗ ಬದಲಿಸುತ್ತಾರೆ, ಹನ್ನೆರಡಕ್ಕೆ ಏನಾದರೂ ತಿನ್ನುತ್ತಾರೆ, ಆಮೇಲೆ ಮತ್ತೆಲ್ಲೋ ಕೂರುತ್ತಾರೆ. ನಿಮ್ಮ ಟೀಮಿನವರು 'ಪಬ್‌ಗೆ ಹೋಗೋಣ' ಅಂದಿದ್ದು ಒಂದು ಪಬ್ ಅಲ್ಲ, ಮೂರು ಅಂತ ತಿಳಿದುಕೊಳ್ಳಿ. ಎಲ್ಲದಕ್ಕೂ ಇರಬೇಕು ಅಂತೇನಿಲ್ಲ.

ಆದರೆ ಈ ಸಡಿಲ ಒಳಗೆ ಕೂತವರಿಗೆ ಮಾತ್ರ. ಹೊರಗೆ ಬಂದರೆ ಕಾನೂನು ಬಿಗಿ. 1982ರಲ್ಲಿ ಕುಡಿತ ತಡೆಯಲು ಒಂದು ಕಾಯ್ದೆ ಬಂತು. ಆಗ ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ವೋಡ್ಕಾ ಮಾರುವಂತೆಯೇ ಇರಲಿಲ್ಲ. ಆ ಒಂದು ಗಂಟೆ ನಿಯಮ ಹೋಯಿತು, ಕಾಯ್ದೆ ಮಾತ್ರ ತಿದ್ದುಪಡಿಗಳೊಂದಿಗೆ ಇವತ್ತಿಗೂ ಇದೆ. ಬೀದಿ, ಪಾರ್ಕು, ನದಿ ದಂಡೆಯಲ್ಲಿ ಬಾಟಲಿ ತೆರೆದು ಕುಡಿದರೆ 100 ಜ್ಲೋಟಿ ದಂಡ. ಕವರ್ ಒಳಗೆ ಮುಚ್ಚಿಟ್ಟು ಕುಡಿಯುವ ಉಪಾಯ ಅವರಿಗೂ ಗೊತ್ತು. ಇದಲ್ಲದೆ 2023ರ ಜುಲೈ 1ರಿಂದ ಕ್ರಾಕೋವ್ ನಗರದಲ್ಲಿ ರಾತ್ರಿ ಹನ್ನೆರಡರಿಂದ ಬೆಳಗ್ಗೆ ಐದೂವರೆವರೆಗೆ ಅಂಗಡಿಗಳಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ ಯಾವ ಮದ್ಯವೂ ಸಿಗೋದಿಲ್ಲ. ಬಿಯರ್ ಕೂಡ ಇಲ್ಲ. ಬಾರು, ಪಬ್ಬು, ಹೋಟೆಲಿಗೆ ಇದು ಅನ್ವಯಿಸೋದಿಲ್ಲ. ಕುಡಿಯೋದಾದರೆ ಮೇಜಿನ ಮುಂದೆ ಕೂತು ಕುಡಿ ಅನ್ನೋದು ಊರಿನ ತೀರ್ಮಾನ. ನನಗಂತೂ ಅದು ಸರಿ ಅನ್ನಿಸುತ್ತೆ.

ರಸ್ತೆಯಲ್ಲಿ ನಿಲ್ಲಲಾಗದಷ್ಟು ಕುಡಿದು ಬಿದ್ದರೆ ಅಮಲು ಇಳಿಸುವ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಬೆಳಗ್ಗೆ ಎದ್ದಾಗ ಕೆಲವು ನೂರು ಜ್ಲೋಟಿಯ ಬಿಲ್ಲು ಕೈಗೆ ಬರುತ್ತದೆ. ಆ ಕೇಂದ್ರ ಇರುವ ಬೀದಿಯ ಹೆಸರು ರೋಜ್ರಿಫ್ಕಾ. ಅಂದರೆ ಮನರಂಜನೆ! ಊರಿನವರು ಹೊಸಬರಿಗೆ ಇದನ್ನು ಹೇಳಿ ನಗದೇ ಇರೋದಿಲ್ಲ.

ಇನ್ನು ಎಲ್ಲಿಗೆ ಹೋಗೋದು ಅನ್ನೋ ಪ್ರಶ್ನೆ. ರಿನೆಕ್ ಸುತ್ತ ಒಮ್ಮೆ ಸುತ್ತಿ, ಆದರೆ ಅಲ್ಲಿ ಪ್ರವಾಸಿಗರೇ ಜಾಸ್ತಿ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿತು, ಅಗ್ಗದ ವಿಮಾನಗಳು ಬಂದವು. ಅವುಗಳ ಜೊತೆ ಮದುವೆಗೆ ಮುಂಚಿನ ಪಾರ್ಟಿಗೆ ಅಂತ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಬ್ರಿಟಿಷ್ ಹುಡುಗರ ಹಿಂಡೂ ಬಂತು. ಶುಕ್ರವಾರ ರಾತ್ರಿ ಶೆಫ್ಸ್ಕಾ ಬೀದಿಯಲ್ಲಿ ಅವರದ್ದೇ ಹಾಡು.

ಊರಿನವರ ಜೊತೆ ಕೂರಬೇಕು ಅಂದರೆ ಅಲ್ಲಿಂದ ಇಪ್ಪತ್ತು ನಿಮಿಷ ನಡೆದು ಕಾಜಿಮ್ಯೆಶ್‌ಗೆ ಹೋಗಿ. ಇದು 1335ರಲ್ಲಿ ಬೇರೆ ಊರಾಗಿಯೇ ಹುಟ್ಟಿದ ಪೇಟೆ. ನೂರಾರು ವರ್ಷ ಇಲ್ಲಿ ಯಹೂದಿಗಳು ಬಾಳಿದರು. ಎರಡನೇ ಮಹಾಯುದ್ಧಕ್ಕೆ ಮೊದಲು ಕ್ರಾಕೋವ್‌ನ ಜನಸಂಖ್ಯೆಯ ಹೆಚ್ಚುಕಡಿಮೆ ಕಾಲು ಭಾಗ ಅವರೇ. 1941ರಲ್ಲಿ ನಾಜಿಗಳು ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ನದಿಯಾಚೆ ಪೊದ್ಗೂಜೆಯ ಘೆಟ್ಟೋಗೆ, ಅಂದರೆ ಗೋಡೆ ಕಟ್ಟಿ ಕೂಡಿಹಾಕುವ ಕೇರಿಗೆ, ನೂಕಿದರು, 1943ರಲ್ಲಿ ಅದನ್ನೂ ಖಾಲಿ ಮಾಡಿಸಿದರು. ಬದುಕಿ ಬಂದವರು ಬಹಳ ಕಡಿಮೆ. ಯುದ್ಧದ ನಂತರ ಈ ಪೇಟೆ ಹಾಳು ಬಿದ್ದಿತ್ತು, ಕತ್ತಲಾದ ಮೇಲೆ ಜನ ಹೋಗಲು ಹೆದರುತ್ತಿದ್ದರು. ತೊಂಬತ್ತರ ದಶಕದಲ್ಲಿ ಬಾಡಿಗೆ ಅಗ್ಗ ಅಂತ ಕಲಾವಿದರು ಬಂದರು, ಅವರ ಹಿಂದೆ ಬಾರುಗಳು. ಹಾಗಾಗಿ ಅಲ್ಲಿ ಮೊದಲ ಸಲ ಕೂತಾಗ ನನಗೆ ಸ್ವಲ್ಪ ಮುಜುಗರವಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಹಗಲು ಹೊತ್ತಿನಲ್ಲಿ ಒಮ್ಮೆ ಹೋಗಿ ಹಳೇ ಸಿನಗಾಗ್‌ಗಳನ್ನು, ಅಂದರೆ ಯಹೂದಿಗಳ ಪ್ರಾರ್ಥನೆ ಮಂದಿರಗಳನ್ನು ನೋಡಿ, ಆಮೇಲೆ ರಾತ್ರಿ ಹೋಗಿ ಅಂತ ನನ್ನ ಸಲಹೆ.

ಆ ಪೇಟೆಯ ನಡುವೆ ಪ್ಲಾಟ್ಸ್ ನೋವಿ ಅನ್ನುವ ಚಿಕ್ಕ ಚೌಕ. ಅದರ ಮೂಲೆಗಳಲ್ಲೇ ಎರಡು ಹಳೇ ಬಾರುಗಳಿವೆ. ಆಲ್ಕೆಮಿಯಾ ಒಳಗೆ ಮೇಣದ ಬತ್ತಿಯ ಬೆಳಕೇ ಬೆಳಕು, ಒಂದಕ್ಕೊಂದು ಹೊಂದದ ಅಜ್ಜನ ಕಾಲದ ಕುರ್ಚಿಗಳು, ಕತ್ತಲೆ ಕೋಣೆಯಿಂದ ಕತ್ತಲೆ ಕೋಣೆಗೆ ದಾರಿ. ಇನ್ನೊಂದು ಸಿಂಗರ್. ಹೆಸರು ಯಾಕೆ ಅಂತ ಮೇಜು ನೋಡಿದರೆ ಗೊತ್ತಾಗುತ್ತೆ. ಮೇಜುಗಳೆಲ್ಲ ಹಳೇ ಸಿಂಗರ್ ಹೊಲಿಗೆ ಮೆಷಿನ್‌ಗಳೇ. ನಮ್ಮಮ್ಮನ ಹತ್ತಿರ ಅಂಥದ್ದೇ ಇತ್ತು. ಬಿಯರ್ ಇಟ್ಟುಕೊಂಡು ಕೂತಾಗ ಗೊತ್ತಿಲ್ಲದೆ ನನ್ನ ಕಾಲು ಕಬ್ಬಿಣದ ಪೆಡಲ್ ಮೇಲೆ ಹೋಯಿತು. ತುಳಿದೆ. ಮೇಲೆ ಗ್ಲಾಸು ಸಣ್ಣಗೆ ಅದುರಿತು. ಪೋಲೆಂಡ್‌ಗೆ ಹೋಗಿ ಆರು ವಾರವಾಗಿತ್ತು, ಮನೆ ನೆನಪಾಗಿದ್ದು ಅವತ್ತು.

ಚೌಕದ ನಡುವೆ ಒಂದು ದುಂಡನೆ ಕಟ್ಟಡ ಇದೆ, ಒಕ್ರೊಂಗ್ಲಾಕ್ ಅಂತಾರೆ. ಅದರ ಸುತ್ತ ಕಿಟಕಿ ಅಂಗಡಿಗಳು, ಮುಂದೆ ಮಧ್ಯರಾತ್ರಿಯಲ್ಲೂ ಸಾಲು. ಅಲ್ಲಿ ಸಿಗೋದು ಜಾಪ್ಯೆಕಾಂಕಾ. ಮೊಳಕೈ ಉದ್ದದ ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಹುರಿದ ಅಣಬೆ, ಮೇಲೆ ಚೀಸ್ ಹಾಕಿ ಸುಟ್ಟು, ಕೆಚಪ್ ಎಳೆದು ಕೊಡುತ್ತಾರೆ. ಮಾಂಸಕ್ಕೆ ಬರ ಇದ್ದ ಎಪ್ಪತ್ತರ ದಶಕದಲ್ಲಿ ಮನೆಮಾತಾದ ತಿಂಡಿ, ಹಾಗಾಗಿ ಮೂಲ ರೂಪದಲ್ಲಿ ಅಪ್ಪಟ ವೆಜ್. ಬೋರ್ಡಿನಲ್ಲಿ ಇಪ್ಪತ್ತು ಥರ ಬರೆದಿರುತ್ತಾರೆ. ನೀವು 'ಕ್ಲಾಸಿಚ್ನಾ' ಅಂತ ಕೇಳಿ. ಬಿಸಿ ಚೀಸ್ ನಾಲಿಗೆ ಸುಡುತ್ತೆ, ಎರಡು ನಿಮಿಷ ತಾಳ್ಮೆ ಇರಲಿ. ನಾನಿದ್ದಾಗ ಮಾಂಸ ತಿನ್ನುವ ಗೆಳೆಯರು ಹಾಲಾ ತಾರ್ಗೋವಾ ಮಾರುಕಟ್ಟೆ ಹತ್ತಿರದ ನೀಲಿ ವ್ಯಾನ್ ಕಡೆಗೆ ಎಳೆಯುತ್ತಿದ್ದರು. ಸೌದೆ ಬೆಂಕಿಯಲ್ಲಿ ಸಾಸೇಜ್ ಸುಟ್ಟು ಕೊಡುತ್ತಿದ್ದ ಆ ಗಾಡಿಗೆ ಊರಲ್ಲಿ ದೊಡ್ಡ ಹೆಸರಿತ್ತು. ಸಸ್ಯಾಹಾರಿಗೆ ಅಲ್ಲಿ ಸಿಗುತ್ತಿದ್ದದ್ದು ಬನ್ನು, ಸಾಸಿವೆ ಮಾತ್ರ.

ವೆಜ್ ವಿಷಯ ಬಂದಿದ್ದಕ್ಕೆ ಒಂದು ಎಚ್ಚರಿಕೆ. ಹಳೇ ಶೈಲಿಯ ಊಟದ ಮನೆಗಳಲ್ಲಿ ಕೂತ ತಕ್ಷಣ ಬ್ರೆಡ್ ಜೊತೆ ಒಂದು ಮಣ್ಣಿನ ಕುಡಿಕೆ ತಂದಿಡುತ್ತಾರೆ, ದುಡ್ಡಿಲ್ಲ. ಒಳಗೆ ಬೆಳ್ಳಗೆ ಬೆಣ್ಣೆ ಥರ, ನಡುನಡುವೆ ಹುರಿದ ಈರುಳ್ಳಿ. ಘಮ್ಮನೆ ಇರುತ್ತೆ. ಅದು ಸ್ಮಾಲೆಟ್ಸ್, ಅಂದರೆ ಹಂದಿಯ ಕೊಬ್ಬು. ನನ್ನ ಜೊತೆ ಬಂದಿದ್ದ ಮೈಸೂರಿನ ಗೆಳೆಯ ಮೂರು ತುಂಡು ಬ್ರೆಡ್‌ಗೆ ಧಾರಾಳವಾಗಿ ಸವರಿ ತಿಂದು 'ಬೆಣ್ಣೆ ಚೆನ್ನಾಗಿದೆ ಕಣೋ' ಅಂದ. ಹೇಳೋದೋ ಬೇಡವೋ ಅಂತ ನಾನು ಹತ್ತು ನಿಮಿಷ ಒದ್ದಾಡಿದೆ. ಆಲೂಗಡ್ಡೆ, ಗಿಣ್ಣಿನ ಹೂರಣದ ಪ್ಯೆರೋಗಿ ಅನ್ನುವ ಕಡುಬು ಕೂಡ ವೆಜ್ಜೇ, ಆದರೆ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ. 'ಬೆಸ್ ಸ್ಕ್ವಾರೆಕ್' ಅನ್ನಿ, ಹಾಕೋದಿಲ್ಲ. ಹಾಗೇ ಬೋರ್ಡಿನಲ್ಲಿ 'ಬಾರ್ ಮ್ಲೆಚ್ನಿ' ಅಂತ ಕಂಡರೆ ಬಾರ್ ಅಂತ ತಪ್ಪು ತಿಳಿಯಬೇಡಿ. ಅದು ಹಾಲಿನ ಬಾರ್, ಅಗ್ಗದ ಊಟದ ಮನೆ, ಮದ್ಯ ಇಲ್ಲವೇ ಇಲ್ಲ. ನಮ್ಮ ದರ್ಶಿನಿ ಇದ್ದ ಹಾಗೆ. ಮಧ್ಯಾಹ್ನದ ಊಟಕ್ಕೆ ಅದಕ್ಕಿಂತ ಒಳ್ಳೇ ಜಾಗ ನಿಮಗೆ ಸಿಗೋದಿಲ್ಲ.

ಬಿಯರ್ ಬಗ್ಗೆ ಜಾಸ್ತಿ ಹೇಳಲ್ಲ. ಜಿವ್ಯೆತ್ಸ್, ತಿಸ್ಕ್ಯೆ, ಒಕೋಚಿಮ್ ದೊಡ್ಡ ಬ್ರ್ಯಾಂಡುಗಳು. ದೊಡ್ಡದು ಅಂದರೆ ಅರ್ಧ ಲೀಟರ್, ಚಿಕ್ಕದು 0.3. ಊರ ನಡುವೆ ಅರ್ಧ ಲೀಟರ್‌ಗೆ ಹದಿನೈದು ಇಪ್ಪತ್ತು ಜ್ಲೋಟಿ ಆಗುತ್ತೆ. 2011ರಲ್ಲಿ ಪಿಂಟಾ ಅನ್ನುವ ಕಂಪನಿ 'ಹಾಪ್ಸ್ ದಾಳಿ' (ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು) ಅನ್ನುವ ಅರ್ಥದ ಹೆಸರಿನ ಕಹಿ ಬಿಯರ್ ತಂದಾಗಿನಿಂದ ಸಣ್ಣ ತಯಾರಕರ ಅಲೆ ಎದ್ದಿತು. ಈಗ ಹತ್ತಿಪ್ಪತ್ತು ನಲ್ಲಿಗಳಿರುವ ಪಬ್ಬುಗಳು ಬೇಕಾದಷ್ಟಿವೆ. ಅಂಥ ಕಡೆ ಬಾಲ್ಟಿಕ್ ಪೋರ್ಟರ್ ಅಂತ ಕಪ್ಪು ಬಿಯರ್ ಸಿಗುತ್ತೆ. ಕಾಫಿ, ಬೆಲ್ಲದ ರುಚಿ, ಆದರೆ ಎಂಟೊಂಬತ್ತು ಪರ್ಸೆಂಟ್ ಮದ್ಯ. ನಿಮಗೆ ಬೇಡ. ಗ್ರೋಜಿಸ್ಕ್ಯೆ ಇದೆಯಾ ಕೇಳಿ. ಓಕ್ ಹೊಗೆಯಲ್ಲಿ ಒಣಗಿಸಿದ ಗೋಧಿಯ ಬಿಯರ್, ಮೂರು ಪರ್ಸೆಂಟ್ ಆಸುಪಾಸು. 1993ರಲ್ಲಿ ತಯಾರಿಕೆ ನಿಂತೇಹೋಗಿದ್ದ ಇದನ್ನು ಮತ್ತೆ ಬದುಕಿಸಿದ್ದಾರೆ. ಚಳಿ ತೀರಾ ಜೋರಾದರೆ ಗ್ಜಾನೆ ಪಿವೊ ಅಂತ ಲವಂಗ, ಜೇನು ಹಾಕಿದ ಬಿಸಿ ಬಿಯರ್ ಕೊಡುತ್ತಾರೆ. ಬಿಸಿ ಬಿಯರಾ ಅಂತ ನಾನೂ ಮುಖ ಕಿವುಚಿದ್ದೆ. ಮೈನಸ್ ಎಂಟರಲ್ಲಿ ನಡೆದು ಬಂದ ದಿನ ಕಷಾಯದ ಹಾಗೆ ಇಳಿಯಿತು.

ವೋಡ್ಕಾ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಭಯ ಇರೋದು ಅಲ್ಲೇ.

ನಾವು ವೋಡ್ಕಾಗೆ ಸೋಡಾ, ಸ್ಪ್ರೈಟ್ ಬೆರೆಸಿ ಒಂದು ಗಂಟೆ ಹೀರುತ್ತೇವೆ. ಅಲ್ಲಿ ಹಾಗಲ್ಲ. ಫ್ರೀಜರ್‌ನಿಂದ ತೆಗೆದ ಬಾಟಲಿ, ಹೊರಗೆಲ್ಲ ಹಿಮ ಕಟ್ಟಿರುತ್ತೆ. ಒಳಗೆ ವೋಡ್ಕಾ ಎಣ್ಣೆಯ ಹಾಗೆ ದಪ್ಪಗಾಗಿರುತ್ತೆ. ಬೆರಳೆತ್ತರದ ಚಿಕ್ಕ ಗ್ಲಾಸಿಗೆ ಒಬ್ಬರು ಎಲ್ಲರಿಗೂ ಸುರಿಯುತ್ತಾರೆ. ಸುರಿದ ತಕ್ಷಣ ಎತ್ತಿಕೊಂಡು ಕುಡಿಯಬಾರದು. ಎಲ್ಲರ ಗ್ಲಾಸು ತುಂಬಬೇಕು, ಯಾರಾದರೂ ಒಂದು ಮಾತು ಹೇಳಬೇಕು, ಒಬ್ಬರ ಕಣ್ಣು ಒಬ್ಬರು ನೋಡಿ 'ನಾ ಜ್ದ್ರೋವ್ಯೆ' ಅನ್ನಬೇಕು. ಆರೋಗ್ಯಕ್ಕೆ ಅಂತ ಅರ್ಥ. ಆಮೇಲೆ ಒಂದೇ ಗುಟುಕು. ಹಿಂದೆಯೇ ಉಪ್ಪುನೀರಲ್ಲಿ ಹುಳಿ ಬಂದ ಸೌತೆಕಾಯಿ, ಇಲ್ಲ ಒಂದು ತುಂಡು ಮೀನು. ನೆಂಚಿಕೊಳ್ಳಲು ಏನೂ ಇಲ್ಲದೆ ವೋಡ್ಕಾ ಕುಡಿಯೋದನ್ನು ಅವರು ಒಪ್ಪೋದೇ ಇಲ್ಲ. ನೆಂಚಿಕೊಳ್ಳುವುದಕ್ಕೆ ಅಂತಲೇ ಜಾಕೊನ್ಸ್ಕಾ ಅನ್ನುವ ಪದ ಇದೆ. ಹಳೇ ಕಾಲದಲ್ಲಿ 'ದುರ್ಬೀನು, ಲೋಳೆಮೀನು' ಅಂತ ಆರ್ಡರ್ ಮಾಡುತ್ತಿದ್ದರಂತೆ. ಪಕ್ಕಪಕ್ಕದಲ್ಲಿಟ್ಟ, ತಲಾ ನೂರು ಎಂಎಲ್ ವೋಡ್ಕಾದ ಎರಡು ಗ್ಲಾಸು ದುರ್ಬೀನು. ತಟ್ಟೆಯಲ್ಲಿ ಅಲುಗಾಡುವ ಹಂದಿಕಾಲಿನ ಜೆಲ್ಲಿ ಲೋಳೆಮೀನು.

ಒಂದು ಸುತ್ತು ಮುಗಿಯುತ್ತಿದ್ದ ಹಾಗೆ 'ಇನ್ನೊಂದು ಕಾಲಿಗೆ' ಅಂತ ಮತ್ತೆ ಸುರಿಯುತ್ತಾರೆ. ಒಂದೇ ಕಾಲಿಗೆ ಕುಡಿದರೆ ಮನುಷ್ಯ ಕುಂಟುತ್ತಾನಲ್ಲ, ಅದಕ್ಕೆ! ಹೊರಡುವಾಗಿನ ಕೊನೆಯ ಗ್ಲಾಸಿಗೂ ಹೆಸರಿದೆ, ರಿಕಾಪಿನ ಗ್ಲಾಸು. ಕುದುರೆ ಹತ್ತಿ ರಿಕಾಪಿಗೆ ಕಾಲು ಕೊಟ್ಟವನಿಗೆ ಕೊಡುತ್ತಿದ್ದ ಗುಟುಕು ಅದು. ಈಗ ಕುದುರೆ ಇಲ್ಲ, ಗ್ಲಾಸು ಉಳಿದಿದೆ. ಈ ಲೆಕ್ಕ ಗೊತ್ತಿಲ್ಲದ ಹೊಸಬರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಬೆರಳೆತ್ತರದ ಗ್ಲಾಸು ಅಂತ ಎಣಿಸೋದಿಲ್ಲ. 40 ಪರ್ಸೆಂಟ್‌ನ ಐದು ಗ್ಲಾಸು ಅಂದರೆ ಕಾಲು ಲೀಟರ್.

ತಪ್ಪಿಸಿಕೊಳ್ಳೋದು ಸುಲಭ. ಗ್ಲಾಸು ಖಾಲಿ ಮಾಡಬೇಡಿ. ಖಾಲಿಯಾದ ಗ್ಲಾಸಿಗೆ ಸುರಿಯೋದು ಅವರ ಮರ್ಯಾದೆ, ತುಂಬಿದ ಗ್ಲಾಸಿಗೆ ಯಾರೂ ಸುರಿಯೋದಿಲ್ಲ. ಪ್ರತಿ ಸಲ ಎತ್ತಿ, ತುಟಿಗೆ ಮುಟ್ಟಿಸಿ, ಇಳಿಸಿ. ಅದೂ ಬೇಡ ಅಂದರೆ ಮೊದಲೇ 'ನ್ಯೆ ಪಿಯೆ' ಅನ್ನಿ, ನಾನು ಕುಡಿಯಲ್ಲ ಅಂತ. ನಿಮ್ಮ ವಯಸ್ಸಿನವರು ಈಗ ಒತ್ತಾಯ ಮಾಡೋದು ಕಡಿಮೆ. ಶೂನ್ಯ ಪರ್ಸೆಂಟ್ ಬಿಯರ್ ಹೆಚ್ಚುಕಡಿಮೆ ಎಲ್ಲ ಬಾರಿನಲ್ಲೂ ಇದೆ, ಅದನ್ನು ಹಿಡಿದು ಕೂತರೆ ಯಾರಿಗೂ ಗೊತ್ತೂ ಆಗೋದಿಲ್ಲ. ಹಳೇ ತಲೆಮಾರಿನ ಮ್ಯಾನೇಜರ್ ಯಾರಾದರೂ ಬಿಡದೆ ಹೋದರೆ 'ಪ್ರೋವಾದ್ಜೆ' ಅನ್ನಿ. ನಾನು ಗಾಡಿ ಓಡಿಸಬೇಕು ಅಂತ. ಆ ಮಾತಿನ ಮೇಲೆ ಆ ದೇಶದಲ್ಲಿ ಎರಡನೇ ಮಾತಿಲ್ಲ. ರಕ್ತದಲ್ಲಿ ಸಾವಿರಕ್ಕೆ 0.2ರಷ್ಟು ಮದ್ಯ ಬಂದರೂ ತಪ್ಪು, 0.5 ದಾಟಿದರೆ ಅಪರಾಧ. ಸೈಕಲ್‌ಗೂ ವಿನಾಯಿತಿ ಇಲ್ಲ. 0.5 ದಾಟಿ ಸೈಕಲ್ ತುಳಿದರೆ ದಂಡವೇ 2,500 ಜ್ಲೋಟಿ. ಬೀದಿಯಲ್ಲಿ ಬಾಡಿಗೆಗೆ ನಿಂತಿರುವ ಎಲೆಕ್ಟ್ರಿಕ್ ಸ್ಕೂಟರ್ ಕಡೆ ಪಬ್‌ನಿಂದ ಬಂದಮೇಲೆ ತಿರುಗಿಯೂ ನೋಡಬೇಡಿ.

ಒಂದೇ ಒಂದು ಗುಟುಕು ರುಚಿ ನೋಡೋಣ ಅನ್ನಿಸಿದರೆ ಶಾರ್ಲೊತ್ಕಾ ಕೇಳಿ. ಜುಬ್ರೂಫ್ಕಾ ಅಂತ ಒಂದು ವೋಡ್ಕಾ ಇದೆ, ಕಾಡೆಮ್ಮೆ ಮೇಯುವ ಹುಲ್ಲಿನ ಒಂದು ಎಳೆ ಬಾಟಲಿಯೊಳಗೇ ಇರುತ್ತೆ. ಅದಕ್ಕೆ ಸೇಬಿನ ರಸ ಬೆರೆಸಿದರೆ ಶಾರ್ಲೊತ್ಕಾ, ಹೆಸರಿನ ಅರ್ಥ ಸೇಬಿನ ಕೇಕು. ಕುಡಿದರೆ ನಿಜಕ್ಕೂ ಹಾಗೇ ಇರುತ್ತೆ. 'ಹುಚ್ಚುನಾಯಿ' ಅಂತ ಇನ್ನೊಂದಿದೆ, ವೋಡ್ಕಾ, ರಾಸ್ಪ್‌ಬೆರಿ ಸಿರಪ್, ಅದಕ್ಕೆ ಖಾರದ ಟಬಾಸ್ಕೊ. ಖಾರ ತಿಂದು ಬೆಳೆದ ನಮಗೆ ಅದೇನೂ ಅಲ್ಲ. ಅವರು ಕಣ್ಣರಳಿಸಿ ನೋಡುವಾಗ ಒಂದು ಚಿಕ್ಕ ಖುಷಿ ಅಷ್ಟೇ.

ದುಡ್ಡಿನ ಲೆಕ್ಕದಲ್ಲಿ ಒಂದು ಪದ ಜೋಪಾನ. ಬಿಲ್ಲು 63 ಜ್ಲೋಟಿ, ನೀವು ನೂರರ ನೋಟು ಕೊಟ್ಟು ಮರ್ಯಾದೆಗೆ 'ಜೆಂಕುಯೆ' ಅಂದಿರಿ, ಅಂದರೆ ಥ್ಯಾಂಕ್ಸ್. ಮುಗೀತು, ಉಳಿದ 37 ಟಿಪ್ಸ್ ಆಗಿಹೋಯಿತು. ಹಣ ಕೊಡುವಾಗ ಥ್ಯಾಂಕ್ಸ್ ಅಂದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಅಂತ ಅಲ್ಲಿ ಅರ್ಥ. ಕೌಂಟರ್ ಹಿಂದೆ ಇದ್ದಾಗ ಈ ಪದದಿಂದ ನನಗೆ ಸಾಕಷ್ಟು ಲಾಭವಾಗಿದೆ, ಈಗ ಒಪ್ಪಿಕೊಳ್ಳುತ್ತೇನೆ. ಚಿಲ್ಲರೆ ಕೈಗೆ ಬಂದಮೇಲೆ ಹೇಳಿ. ಹತ್ತು ಪರ್ಸೆಂಟ್ ಬಿಟ್ಟರೆ ಸಾಕು. ಕಾರ್ಡ್ ಮೆಷಿನ್ 'ರೂಪಾಯಿಯಲ್ಲಿ ಕಟ್ಟಬೇಕಾ, ಜ್ಲೋಟಿಯಲ್ಲಾ' ಅಂತ ಕೇಳಿದರೆ ಯಾವಾಗಲೂ ಜ್ಲೋಟಿ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ನಿಮಗೆ ನಷ್ಟ.

ರಾತ್ರಿ ಸೇಫಾ ಅಂದರೆ, ಆರು ವರ್ಷದಲ್ಲಿ ನಾನು ಮೂರು ಗಂಟೆಗೆ ಒಬ್ಬನೇ ಎಷ್ಟು ಸಲ ಮನೆಗೆ ನಡೆದಿದ್ದೇನೋ ಲೆಕ್ಕ ಇಲ್ಲ. ಹೆದರಿದ್ದು ಎರಡು ಸಲ, ಎರಡೂ ಫುಟ್‌ಬಾಲ್ ಮ್ಯಾಚ್ ದಿನ. ಊರಲ್ಲಿ ವಿಸ್ವಾ, ಕ್ರಾಕೋವಿಯಾ ಅಂತ ಎರಡು ತಂಡ, ಇಬ್ಬರ ಅಭಿಮಾನಿಗಳದ್ದೂ ಹಳೇ ಹಗೆ. 'ನೀನು ಯಾರ ಕಡೆ' ಅಂತ ಅಪರಿಚಿತ ಕೇಳಿದರೆ 'ಕ್ರಿಕೆಟ್ ಕಡೆ' ಅನ್ನಿ. ಬಣ್ಣ ನೋಡಿ ಒರಟಾಗಿ ಮಾತಾಡುವವರು ಇಲ್ಲವೇ ಇಲ್ಲ ಅಂತ ಹೇಳಲಾರೆ. ಕುಡಿದ ಗುಂಪು ಎದುರಾದರೆ ರಸ್ತೆ ದಾಟಿಬಿಡಿ, ಉತ್ತರ ಕೊಡೋಕೆ ಹೋಗಬೇಡಿ.

ನಿಜವಾದ ಅಪಾಯ ನಗುನಗುತ್ತಾ ಬರುತ್ತದೆ. ರಿನೆಕ್ ಸುತ್ತಲಿನ ಬೀದಿಗಳಲ್ಲಿ ಛತ್ರಿ ಹಿಡಿದ ಹುಡುಗಿಯರು ನಿಂತು 'ಒಂದು ಡ್ರಿಂಕ್ ಫ್ರೀ, ಬನ್ನಿ' ಅಂತ ಕರೆಯೋದುಂಟು. ಕರೆದೊಯ್ಯೋದು ಬಟ್ಟೆ ಬಿಚ್ಚಿ ಕುಣಿಯುವ ಕ್ಲಬ್ಬಿಗೆ. ಅಂಥ ಒಂದು ಕಡೆ ಹೋಗಿದ್ದ ನನ್ನ ಪರಿಚಯದ ಹುಡುಗನ ಕಾರ್ಡಿನಿಂದ ಒಂದೇ ರಾತ್ರಿ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಹೋಯಿತು. ಏನು ಕುಡಿದೆ, ಎಲ್ಲಿ ಪಿನ್ ಒತ್ತಿದೆ ಅನ್ನೋದು ಅವನಿಗೆ ನೆನಪೇ ಇರಲಿಲ್ಲ. ಬೀದಿಯಲ್ಲಿ ಕರೆಯುವವರ ಹಿಂದೆ ಹೋಗಬೇಡಿ. ಒಳ್ಳೇ ಬಾರಿನವರಿಗೆ ಕರೆಯುವ ಅಗತ್ಯ ಇರೋದಿಲ್ಲ, ಬಾಗಿಲೇ ಸರಿಯಾಗಿ ಕಾಣಿಸೋದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಮನೆಗೆ ಮರಳಲು ಆ್ಯಪ್ ಟ್ಯಾಕ್ಸಿಗಳಿವೆ. ಅದಕ್ಕಿಂತ ನನಗೆ ರಾತ್ರಿ ಬಸ್ಸು, ಟ್ರಾಮ್ ಇಷ್ಟ. 6ರಿಂದ ಶುರುವಾಗುವ ನಂಬರ್ ಹುಡುಕಿ. ಟಿಕೆಟ್ ಪಂಚ್ ಮಾಡಿ, ರಾತ್ರಿಯೂ ಚೆಕ್ ಮಾಡುತ್ತಾರೆ. ಟ್ರಾಮ್‌ಗೆ ಕಾಯುವಾಗ ಗಂಟೆ ಹೊಡೆದರೆ ಕಿವಿ ಕೊಡಿ. ಸಂತ ಮೇರಿ ಚರ್ಚಿನ ಗೋಪುರದಿಂದ ಅಗ್ನಿಶಾಮಕ ದಳದವನೊಬ್ಬ ಕಹಳೆ ಊದುತ್ತಾನೆ. ಹಗಲೂ ರಾತ್ರಿ, ಪ್ರತಿ ಗಂಟೆ, ನಾಲ್ಕು ದಿಕ್ಕಿಗೆ. ರಾಗ ನಡುವೆಯೇ ತಟ್ಟನೆ ನಿಂತುಹೋಗುತ್ತೆ. ಹಿಂದೊಮ್ಮೆ ದಾಳಿಯ ಎಚ್ಚರಿಕೆ ಊದುತ್ತಿದ್ದವನ ಗಂಟಲಿಗೆ, ಪೂರ್ವದಿಂದ ದಂಡೆತ್ತಿ ಬಂದ ತಾತಾರರ ಬಾಣ ಬಿತ್ತು ಅಂತ ಕಥೆ ಹೇಳುತ್ತಾರೆ. ಎಷ್ಟು ಕುಡಿದಿದ್ದರೂ ಊರಿನವರು ಆಗ ಒಂದು ಕ್ಷಣ ಸುಮ್ಮನಾಗೋದನ್ನು ನೋಡಿದ್ದೇನೆ.

ಕೊನೆಗೆ ಒಂದು ತಾರೀಕು ಗುರುತು ಹಾಕಿಕೊಳ್ಳಿ. ನವೆಂಬರ್ 29ರ ರಾತ್ರಿ ಆಂದ್ಜೆಯ್ಕಿ, ಸಂತ ಆ್ಯಂಡ್ರೂ ಹಬ್ಬದ ಹಿಂದಿನ ರಾತ್ರಿ. ಕ್ರಿಸ್‌ಮಸ್‌ಗೆ ಮುಂಚಿನ ವ್ರತದ ದಿನಗಳು ಶುರುವಾಗುವ ಮೊದಲು ಕುಣಿದು ಮುಗಿಸುವ ಹಬ್ಬ ಅದು. ಪಬ್ಬುಗಳೆಲ್ಲ ತುಂಬಿರುತ್ತವೆ, ಹಾಗಾಗಿ ಮೇಜು ಮೊದಲೇ ಹೇಳಿಟ್ಟಿರಬೇಕು. ನಾನು ಕೆಲಸ ಮಾಡುತ್ತಿದ್ದ ಮಾಳಿಗೆಯಲ್ಲಿ ಅವತ್ತು ಹಾಡು ನಿಲ್ಲಿಸಿ ಒಂದು ಬೋಗುಣಿಯಲ್ಲಿ ತಣ್ಣೀರು ಇಡುತ್ತಿದ್ದರು. ಹಳೇ ದೊಡ್ಡ ಬೀಗದ ಕೈಯ ತೂತಿನ ಮೂಲಕ ಕರಗಿದ ಮೇಣ ಸುರಿಯುತ್ತಾರೆ. ಅದು ನೀರಿನಲ್ಲಿ ಏನೋ ಒಂದು ಆಕಾರವಾಗಿ ಹೆಪ್ಪುಗಟ್ಟುತ್ತೆ. ಅದನ್ನೆತ್ತಿ ಮೇಣದ ಬತ್ತಿ ಮುಂದೆ ಹಿಡಿದು, ಗೋಡೆಯ ಮೇಲಿನ ನೆರಳು ನೋಡಿ ಮುಂದಿನ ವರ್ಷದ ಭವಿಷ್ಯ ಹೇಳುತ್ತಾರೆ. ನನ್ನದು ಮೊದಲ ವರ್ಷ ಹಡಗಿನ ಥರ ಕಂಡಿತ್ತು. 'ದೂರ ಪ್ರಯಾಣ' ಅಂದರು. ಆರು ಸಾವಿರ ಕಿಲೋಮೀಟರ್ ದಾಟಿ ಬಂದಿದ್ದೀನಪ್ಪಾ, ಇನ್ನೆಲ್ಲಿಗೆ ಅಂತ ನಕ್ಕೆ. ನಿಮ್ಮ ಆಫೀಸಿನಲ್ಲಿ ಯಾರಾದರೂ ಆ ವಾರ 'ಹಳೇ ಬೀಗದ ಕೈ ಇದೆಯಾ' ಅಂತ ಕೇಳಿದರೆ, ಯಾಕೆ ಅಂತ ಈಗ ನಿಮಗೆ ಗೊತ್ತು. ಹಾಂ, ಕೋಟಿನ ಬಿಲ್ಲೆ ಪ್ಯಾಂಟಿನ ಜೇಬಿಗೆ.